ನಮ್ಮೂರ ದ್ವಾರಕೀಶ್ ಹೋದ ದಿನ

2024ರ ಏಪ್ರಿಲ್ 16, ಮಂಗಳವಾರ. ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ದ್ವಾರಕೀಶ್ ಅವರ ಹಳೆಯ ಫೋಟೊ ಹಾಕಿ, ಕೆಳಗೆ ಕೈಮುಗಿದ ಚಿತ್ರ ಅಂಟಿಸಿದ್ದರು. ನಾನು ನಂಬಲಿಲ್ಲ. ಅವರು ತೀರಿಕೊಂಡರೆಂಬ ಸುಳ್ಳು ಸುದ್ದಿ ಹಿಂದೆಯೂ ಒಮ್ಮೆ ಹಬ್ಬಿತ್ತು. ಆಗ ಅವರೇ ವಿಡಿಯೊದಲ್ಲಿ ಕಾಣಿಸಿಕೊಂಡು, ಆರೋಗ್ಯವಾಗಿದ್ದೇನೆ ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸಿದ್ದರು. ಈ ಸಲವೂ ಅಂಥದ್ದೊಂದು ವಿಡಿಯೊ ಬರುತ್ತದೆ ಅಂತ ಮೊಬೈಲ್ ಹಿಡಿದು ಕೂತೆ. ಬರಲಿಲ್ಲ. ಊಟದ ಹೊತ್ತಿಗೆ ಟಿವಿಯವರೆಲ್ಲ ಅದನ್ನೇ ಹೇಳುತ್ತಿದ್ದರು. ಎಲೆಕ್ಟ್ರಾನಿಕ್ ಸಿಟಿಯ ಮನೆಯಲ್ಲಿ, ರಾತ್ರಿ ಸರಿಯಾಗಿ ನಿದ್ದೆಯಾಗಿರಲಿಲ್ಲವಂತೆ. ಬೆಳಗ್ಗೆ ಎದ್ದು ಕಾಫಿ ಕುಡಿದು, ಇನ್ನೊಂದಿಷ್ಟು ಹೊತ್ತು ಮಲಗುತ್ತೇನೆ ಎಂದು ಮಲಗಿದವರು ಏಳಲಿಲ್ಲ. 81 ವರ್ಷ. ಮೂರು ವರ್ಷದ ಹಿಂದೆ ಅವರ ಹೆಂಡತಿ ಅಂಬುಜಾ ಅವರು ಹೋದದ್ದೂ ಇದೇ ಏಪ್ರಿಲ್ 16ರಂದು.

ಅಷ್ಟರಲ್ಲಿ ಹುಣಸೂರಿನಿಂದ ಅಕ್ಕನ ಫೋನು. "ನಮ್ಮೂರೋರು ಹೋಗ್ಬಿಟ್ರಂತಲ್ಲೋ" ಅಂದಳು. ಅಷ್ಟೇ. ಆಮೇಲೆ ಇಬ್ಬರಿಗೂ ಮಾತು ಹೊರಡಲಿಲ್ಲ.

ಹುಣಸೂರಿನವರಿಗೆ ಹೇಳಿಕೊಳ್ಳಲು ದೊಡ್ಡ ಹೆಸರುಗಳಿವೆ. ಕಲ್ಲಹಳ್ಳಿಯ ದೇವರಾಜ ಅರಸು ಇದ್ದಾರೆ, ಸಿನಿಮಾದವರ ಪೈಕಿ ಹುಣಸೂರು ಕೃಷ್ಣಮೂರ್ತಿ ಇದ್ದಾರೆ. ಆದರೆ ನಾನು ಹುಡುಗನಾಗಿದ್ದಾಗ ನನಗೆ ಬೇಕಾಗಿದ್ದವರು ದ್ವಾರಕೀಶ್ ಒಬ್ಬರೇ. ಕಾರಣ ಸರಳ. ನಾನೂ ಗಿಡ್ಡ. ಇವತ್ತಿಗೂ ಐದಡಿ ಮುಟ್ಟಿದವನಲ್ಲ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಸದಾ ಮೊದಲಿಗ. ಕಬಡ್ಡಿಗೆ ತಂಡ ಆರಿಸುವಾಗ ಕೊನೆಯವನು. ನಾಟಕ ಎಂದರೆ ನನಗೆ ಒಂದೇ ಪಾತ್ರ, ಏಟು ತಿನ್ನುವ ಆಳಿನದು. ಗಿಡ್ಡ ಹುಡುಗನನ್ನು ಊರು ಎಷ್ಟು ಅಕ್ಕರೆಯಿಂದ ಗೇಲಿ ಮಾಡುತ್ತದೆಂದರೆ, ಅವನು ಅಳುವ ಹಾಗೂ ಇಲ್ಲ, ಸಿಟ್ಟು ಮಾಡುವ ಹಾಗೂ ಇಲ್ಲ.

ಟೆಂಟಿನಲ್ಲಿ 'ಕಿಟ್ಟು ಪುಟ್ಟು' ನೋಡಿದ್ದು ಆ ದಿನಗಳಲ್ಲಿ. 1977ರ ಚಿತ್ರ, ನಮ್ಮಲ್ಲಿಗೆ ಬರುವಾಗ ರೀಲು ಗೆರೆಗೆರೆಯಾಗಿತ್ತು. ಮುಂದೆ ಮರಳಿನ ಮೇಲೆ ಕೂತ ನಮಗೆ ತೆರೆಯ ತುಂಬ ವಿಷ್ಣುವರ್ಧನ್, ಅವರ ಪಕ್ಕದಲ್ಲಿ ಅವರ ಎದೆಮಟ್ಟಕ್ಕೆ ದ್ವಾರಕೀಶ್. ನಾನು ನಗಲಿಲ್ಲ, ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದೆ. ಆ ಮನುಷ್ಯ ಎಲ್ಲೂ ಕುಗ್ಗುತ್ತಿರಲಿಲ್ಲ. ಎದೆ ಮುಂದೆ ಮಾಡಿ ನಡೆಯುತ್ತಿದ್ದ, ಎತ್ತರದವರ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದ. ಮರುದಿನದಿಂದ ಹುಡುಗರು ನನ್ನನ್ನು ದ್ವಾರಕೀಶ್ ಎಂದು ಕರೆಯತೊಡಗಿದರು. ಗೇಲಿಗೇ ಕರೆದದ್ದು. ಆದರೆ ಆ ಹೆಸರಿನ ಮನುಷ್ಯ ಸಿನಿಮಾ ತೆಗೆಯುತ್ತಾನೆ, ಸಿಂಗಪುರಕ್ಕೆ ಹೋಗಿ ಬಂದಿದ್ದಾನೆ, ನಮ್ಮೂರಿನಲ್ಲಿ ಹುಟ್ಟಿದವನು. ನಾನು ಸಂತೋಷವಾಗಿಯೇ ಓಗೊಟ್ಟೆ.

ನಮ್ಮ ಹಾಸ್ಯನಟರ ಬಗ್ಗೆ ಒಂದು ಮಾತು ಹೇಳಲೇಬೇಕು. ಸಣಕಲು ದೇಹ, ಮುಂದಕ್ಕೆ ಬಂದ ಹಲ್ಲು ಇಟ್ಟುಕೊಂಡೇ ನರಸಿಂಹರಾಜು ನಾಡನ್ನು ನಗಿಸಿದರು. ಬಾಲಕೃಷ್ಣ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ ಅವರ ಟೈಮಿಂಗ್ ಇವತ್ತಿನವರಿಗೂ ಪಾಠ. ಇವರೆಲ್ಲ ಮೈಯಲ್ಲಿ ಇದ್ದದ್ದನ್ನು ಮುಚ್ಚಿಡದೆ ತೆರೆಯ ಮೇಲೆ ತಂದವರು. ದ್ವಾರಕೀಶ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ತಮ್ಮ ಗಿಡ್ಡತನವನ್ನು ಪೋಸ್ಟರಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದರು: 'ಕುಳ್ಳ ಏಜೆಂಟ್ 000', 'ಸಿಂಗಾಪೂರಿನಲ್ಲಿ ರಾಜಾ ಕುಳ್ಳ', 'ಪ್ರಚಂಡ ಕುಳ್ಳ'. ಬೇರೆಯವರು ಕೊಡುವ ಪಾತ್ರಕ್ಕೆ ಕಾಯದೆ ತಾವೇ ದುಡ್ಡು ಹಾಕಿ ತಮಗೆ ನಾಯಕನ ಪಾತ್ರ ಕೊಟ್ಟುಕೊಂಡರು. ಹಾಡು, ಹೊಡೆದಾಟ, ನಾಯಕಿ, ಎಲ್ಲವನ್ನೂ. ಅದನ್ನು ಬರೀ ತಮಾಷೆ ಎಂದುಕೊಂಡವರಿಗೆ ಗಿಡ್ಡ ಹುಡುಗನ ಬಾಳು ಗೊತ್ತಿಲ್ಲ.

ಮರುದಿನ ಬುಧವಾರ, ರಾಮನವಮಿ. ರವೀಂದ್ರ ಕಲಾಕ್ಷೇತ್ರದಲ್ಲಿ ಸಾರ್ವಜನಿಕ ದರ್ಶನಕ್ಕೆ ಇಟ್ಟಿದ್ದರು. ರಜೆ ಹಾಕಿ ಬೆಳಗ್ಗೆಯೇ ಹೊರಟೆ. ಆ ವರ್ಷದ ಬೇಸಿಗೆ ಬೆಂಗಳೂರಿಗೆ ಕೆಟ್ಟದಾಗಿತ್ತು. ಕೊಳವೆಬಾವಿಗಳು ಬತ್ತಿದ್ದವು, ಬೀದಿ ಬೀದಿಯಲ್ಲಿ ಟ್ಯಾಂಕರು, ಮೇಲೆ ಚುನಾವಣೆಯ ಮೈಕು. ದಾರಿಯ ಪೆಂಡಾಲುಗಳಲ್ಲಿ ಪಾನಕ, ಕೋಸಂಬರಿ ಹಂಚಲು ತಯಾರಿ ನಡೆದಿತ್ತು. ಟೌನ್‌ಹಾಲ್ ಹತ್ತಿರ ಬಸ್ಸಿಳಿದು ಜೆ.ಸಿ. ರಸ್ತೆ ದಾಟಿ ಒಳಗೆ ಹೋದಾಗ ಆಗಲೇ ಸಾಲು ನಿಂತಿತ್ತು.

ಆ ಸಾಲಿನ ಬಗ್ಗೆ ಬರೆಯಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಹೆಚ್ಚಿನವರು ಅರವತ್ತು ದಾಟಿದವರು. ಮೊಮ್ಮಗನ ಹೆಗಲು ಹಿಡಿದು ಬಂದ ಹೆಂಗಸು, ಪಂಚೆಯುಟ್ಟ ಇಬ್ಬರು ಮಂಡ್ಯ ಕಡೆಯವರು, ಖಾಕಿ ಅಂಗಿಯ ಆಟೋ ಚಾಲಕ. ಯಾರೂ ಬಾಯಿ ಕಟ್ಟಿ ನಿಂತಿರಲಿಲ್ಲ. ಆಟೋದವರು 'ಗುರು ಶಿಷ್ಯರು' ಚಿತ್ರದ ದಡ್ಡ ಶಿಷ್ಯರ ಸನ್ನಿವೇಶ ಶುರು ಮಾಡಿದರು, ಮಂಡ್ಯದವರಲ್ಲೊಬ್ಬರು ಮುಂದಿನ ಮಾತು ಜೋಡಿಸಿದರು. ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ನಕ್ಕವರೇ ಹೆಗಲ ಮೇಲಿನ ಟವೆಲಿನಲ್ಲಿ ಕಣ್ಣೊರೆಸಿಕೊಂಡರು. ಯಾವ ಸಾವಿನ ಮನೆಯಲ್ಲೂ ನಾನು ಹೀಗೆ ನೋಡಿರಲಿಲ್ಲ. ನಗು ಬಂದದ್ದಕ್ಕೆ ಅಲ್ಲಿ ಒಬ್ಬರಿಗೂ ನಾಚಿಕೆಯಾಗಲಿಲ್ಲ. ಆ ಮನುಷ್ಯನಿಗೆ ಸಲ್ಲಬೇಕಾದದ್ದನ್ನೇ ಸಲ್ಲಿಸುತ್ತಿದ್ದೇವೆ ಎಂಬಂತಿತ್ತು.

ಆಟೋದವರಿಗೆ 'ಆಪ್ತಮಿತ್ರ' ಎಂದರೆ ಪ್ರಾಣ. ಸಾಲಕ್ಕೆ ಸಿಕ್ಕಿ, ಸೋಲಿನ ಮೇಲೆ ಸೋಲು ತಿಂದು, ಇನ್ನು ಈ ಮನುಷ್ಯನ ಕಥೆ ಮುಗಿಯಿತು ಎಂದು ಎಲ್ಲರೂ ಅಂದಾಗ 2004ರಲ್ಲಿ ಅದೇ ವಿಷ್ಣುವರ್ಧನ್ ಜೊತೆ ಮತ್ತೆ ಎದ್ದು ನಿಂತದ್ದು ಅವರಿಗೆ ದೊಡ್ಡದು. ಇಬ್ಬರು ಗೆಳೆಯರು ಮುನಿಸಿಕೊಂಡು ವರ್ಷಗಟ್ಟಲೆ ದೂರವಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಆ ಚಿತ್ರ ಇಬ್ಬರನ್ನೂ ಕೂಡಿಸಿತು. "ಸೌಂದರ್ಯಾನೂ ಹೋಗಿದ್ದು ಇವತ್ತೇ ಅಲ್ವಾ ಸಾರ್" ಎಂದು ಅವರು ಅಂದಾಗ ಎದೆ ಧಸಕ್ಕೆಂದಿತು. ಹೌದು, 2004ರ ಏಪ್ರಿಲ್ 17. ವಿಮಾನ ಬಿದ್ದು ಆಕೆ ಹೋಗಿ ಸರಿಯಾಗಿ ಇಪ್ಪತ್ತು ವರ್ಷ. ಆಕೆ ನಟಿಸಿದ್ದ 'ಆಪ್ತಮಿತ್ರ' ತೆರೆಗೆ ಬಂದದ್ದು ಆಮೇಲೆ. ವಿಷ್ಣುವರ್ಧನ್ 2009ರಲ್ಲಿ ಹೋದರು. ಈಗ ಇವರು.

ನನ್ನ ಲೆಕ್ಕದಲ್ಲಿ 'ಆಪ್ತಮಿತ್ರ'ಕ್ಕಿಂತ ದೊಡ್ಡ ಧೈರ್ಯ 'ಮೇಯರ್ ಮುತ್ತಣ್ಣ'. ಆಟೋದವರಿಗೂ ಅದನ್ನೇ ಹೇಳಿದೆ. ಮೈಸೂರಿನಲ್ಲಿ ಸಿಪಿಸಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಅಣ್ಣನ ಜೊತೆ ಮೋಟಾರು ಬಿಡಿಭಾಗಗಳ ಅಂಗಡಿ ನಡೆಸಿದ ಹುಡುಗ. ಸೋದರಮಾವ ಹುಣಸೂರು ಕೃಷ್ಣಮೂರ್ತಿಯವರ 'ವೀರ ಸಂಕಲ್ಪ'ದಲ್ಲಿ ಮುಖ ತೋರಿಸಿ ಕೆಲವೇ ವರ್ಷ ಆಗಿತ್ತು. 1969ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ರಾಜ್‌ಕುಮಾರ್ ಅವರನ್ನು ಹಾಕಿಕೊಂಡು ಸ್ವಂತ ಬ್ಯಾನರಿನ ಸಿನಿಮಾ ತೆಗೆದರು. ನಿರ್ದೇಶನ ಕೊಟ್ಟದ್ದು ಯಾರಿಗೆ? ಅದುವರೆಗೆ ಒಂದು ಚಿತ್ರವನ್ನೂ ನಿರ್ದೇಶಿಸದಿದ್ದ ಸಿದ್ಧಲಿಂಗಯ್ಯನವರಿಗೆ. ಇವತ್ತು ದೊಡ್ಡ ದೊಡ್ಡ ಸಂಸ್ಥೆಗಳೂ ಅಂಥ ಪಣ ಕಟ್ಟಲು ಹಿಂದೆಮುಂದೆ ನೋಡುತ್ತವೆ. ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ ಒಂದೇ ಒಂದು ಹಾಡು ಇವರ 'ಕುಳ್ಳ ಏಜೆಂಟ್ 000' ಚಿತ್ರದ್ದು. ಹೊರದೇಶದಲ್ಲಿ ಚಿತ್ರೀಕರಣ ಎಂದರೆ ಕನ್ನಡದವರು ಕನಸಿನಲ್ಲೂ ನೆನೆಯದ ಕಾಲಕ್ಕೆ, 1978ರಲ್ಲಿ ಸಿಂಗಪುರವನ್ನು ತೋರಿಸಿದರು. ಇವರ 'ಶ್ರುತಿ' ಚಿತ್ರದಿಂದ ಬಂದ ಹುಡುಗಿ ಆ ಹೆಸರನ್ನೇ ಇಟ್ಟುಕೊಂಡು ಮುಂದೆ ಎಷ್ಟು ದೊಡ್ಡ ನಟಿಯಾದರೆಂದು ಹೇಳಬೇಕಿಲ್ಲ. 1986ರಲ್ಲಿ ತಮಿಳಿಗೆ ಹೋಗಿ ರಜನೀಕಾಂತ್, ಶ್ರೀದೇವಿ ಅವರನ್ನು ನಿರ್ದೇಶಿಸಿ ಬಂದರು. ಆಟೋದವರಿಗೆ ಇದು ತಿಳಿದಿರಲಿಲ್ಲ. "ನಮ್ಮ ದ್ವಾರಕೀಶಾ?" ಎಂದು ಮತ್ತೆ ಮತ್ತೆ ಕೇಳಿದರು.

ಸಾಲು ಮುಂದಕ್ಕೆ ಸರಿಯಿತು. ಟಿವಿ ಕ್ಯಾಮೆರಾಗಳು, ಕೈಯೆತ್ತಿ ಹಿಡಿದ ಮೊಬೈಲುಗಳು, ಬರುವ ಹೋಗುವ ಗಣ್ಯರು. ನನ್ನ ಮುಂದೆ ಮೂವರು ಎತ್ತರದ ಗಂಡಸರು. ಅವರ ಬೆನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಹಿಂದಿನಿಂದ ಬೇಗ ಬೇಗ ಎಂದು ದೂಡುತ್ತಿದ್ದರು. ಹಿಮ್ಮಡಿ ಎತ್ತಿ, ತುದಿಗಾಲಲ್ಲಿ ನಿಂತು, ಎರಡು ಭುಜಗಳ ಸಂದಿಯಿಂದ ಆ ಮುಖ ನೋಡಿದೆ. ಹೂವಿನ ನಡುವೆ ಪುಟ್ಟದಾದ ಮುಖ. ಅಲ್ಲಿಯವರೆಗೆ ತಡೆದದ್ದು ಅಲ್ಲಿ ತಡೆಯಲಿಲ್ಲ. ಸ್ವಯಂಸೇವಕ ಹುಡುಗನೊಬ್ಬ ನನ್ನ ತೋಳು ಹಿಡಿದು ಮುಂದಕ್ಕೆ ಬಿಟ್ಟ. "ನೋಡ್ಕೊಳ್ಳಿ ಸಾರ್, ಪರವಾಗಿಲ್ಲ" ಅಂದ. ಆ ಹುಡುಗನಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ. ಅವನ ಒಳ್ಳೆಯತನ ನನಗೆ ಮರೆಯುವುದಿಲ್ಲ.

ಚಾಮರಾಜಪೇಟೆಯ ಟಿ.ಆರ್. ಮಿಲ್ ಸ್ಮಶಾನಕ್ಕೆ ಮೆರವಣಿಗೆ ಹೊರಟಾಗ ನಾನು ಹಿಂದೆ ಹೋಗಲಿಲ್ಲ. ಅದು ಮನೆಯವರ ಹೊತ್ತು.

ಸಂಜೆ ಟಿವಿ ಹಾಕಿದರೆ ಸಿಟ್ಟೇ ಬಂತು. ಒಂದರ ಮೇಲೊಂದು ವಾಹಿನಿಯಲ್ಲಿ ಅವರ ಸಾಲ, ಮಾರಿದ ಮನೆಗಳು, ಯಾರ ಜೊತೆ ಯಾವಾಗ ಜಗಳ ಎಂಬ ಪಟ್ಟಿ, ಹಿಂದೆ ಶೋಕದ ಪಿಟೀಲು. ದುಡ್ಡು ಕಳೆದುಕೊಂಡದ್ದು ನಿಜ. ಆದರೆ ಅದನ್ನು ಅವರು ಕನ್ನಡದ ಸಿನಿಮಾಕ್ಕೆ ಹಾಕಿದರು. ಒಂದು ಸೋತರೆ ಇನ್ನೊಂದು ತೆಗೆದರು. ದ್ವಾರಕೀಶ್ ಚಿತ್ರ ಸಂಸ್ಥೆಯ ಐವತ್ತನೆಯ ಸಿನಿಮಾ 'ಚೌಕ' 2017ರಲ್ಲಿ ಬಂತು. ಐವತ್ತು ಎಂಬ ಸಂಖ್ಯೆಯನ್ನು ಸೋಲಿನ ಕಥೆ ಎಂದು ಹೇಗೆ ಹೇಳುತ್ತಾರೋ ನನಗೆ ಅರ್ಥವಾಗುವುದಿಲ್ಲ. ಟಿವಿ ಆರಿಸಿ ಯೂಟ್ಯೂಬಿನಲ್ಲಿ ಹಳೆಯ ಚಿತ್ರಗಳನ್ನು ಹುಡುಕಿದೆ. ಸಿಕ್ಕಿದ ಕೆಲವು ಪ್ರತಿಗಳು ನೋಡಲಾಗದ ಹಾಗಿವೆ. ಬಣ್ಣ ಮಾಸಿದೆ, ಅಂಚು ಕತ್ತರಿಸಿದೆ, ಮುಖದ ಮೇಲೆ ಯಾರದೋ ಮುದ್ರೆ. ಎಪ್ಪತ್ತರ ದಶಕದ ಇಷ್ಟು ಚಿತ್ರಗಳನ್ನು ಒಳ್ಳೆಯ ಪ್ರತಿಯಾಗಿ ಉಳಿಸಿಕೊಳ್ಳುವುದು ನಮ್ಮ ನಾಡಿಗೆ ಆಗದ ಕೆಲಸವೇ? ಹೂಮಾಲೆಗೆ ಆಗುವ ಖರ್ಚಿನಲ್ಲಿ ಒಂದು ರೀಲನ್ನಾದರೂ ತೊಳೆದು ಒರೆಸಬಹುದಿತ್ತು.

ಆದರೂ ನೋಡಿದೆ. ಹುಡುಗನಾಗಿದ್ದಾಗ ಕಾಣದ್ದು ಈಗ ಕಂಡಿತು. ಅವರ ಹಾಸ್ಯ ಮುಖದಲ್ಲಿದೆ ಎಂದುಕೊಂಡಿದ್ದೆವು, ಅದು ಕಾಲಲ್ಲಿದೆ. ಸಣ್ಣ ಸಣ್ಣ ಹೆಜ್ಜೆ, ನಾಯಕ ಒಂದು ಹೆಜ್ಜೆ ಇಡುವಷ್ಟರಲ್ಲಿ ಇವರದ್ದು ಎರಡೂವರೆ. ಆ ಅವಸರದಲ್ಲೂ ತಾಳ ತಪ್ಪುವುದಿಲ್ಲ. ನಿಂತಲ್ಲೇ ಗಿರಕಿ ಹೊಡೆದು ತಿರುಗುವಾಗ ಕಣ್ಣು ಮೊದಲು ತಿರುಗುತ್ತದೆ, ಮೈ ಆಮೇಲೆ. ವಿಷ್ಣುವರ್ಧನ್ ಆರಾಮಾಗಿ ನಿಂತಷ್ಟೂ ಇವರು ಚಡಪಡಿಸುತ್ತಾರೆ. ಒಬ್ಬರ ಸಮಾಧಾನ ಇನ್ನೊಬ್ಬರ ಗಡಿಬಿಡಿಗೆ ಕಾವು ಕೊಡುತ್ತದೆ. ಹೆಂಡತಿ ಅಡುಗೆಮನೆಯಿಂದ ಬಂದು ನನ್ನ ಪಕ್ಕ ಕೂತವಳು, ಒಲೆ ಮೇಲೆ ಹಾಲಿಟ್ಟದ್ದನ್ನು ಮರೆತು ನಕ್ಕಳು.

ಗುರುವಾರ ಆಫೀಸಿಗೆ ಹೋದಾಗ ಹೊಸದಾಗಿ ಸೇರಿದ ಹುಡುಗಿ, ಹುಬ್ಬಳ್ಳಿಯವಳು, ನನ್ನ ಮೇಜಿನ ಹತ್ತಿರ ಬಂದಳು. "ಸರ್, ನಿನ್ನೆ ಅವರನ್ನ ನೋಡಾಕ ಹೋಗಿದ್ರಂತ. ನಾ ಅವರ ಆಪ್ತಮಿತ್ರ ಒಂದ ನೋಡೀನಿ. ಇನ್ನ ಯಾವುದು ನೋಡ್ಲಿ?" ಎಂದಳು. ಕುರ್ಚಿ ಎಳೆದು ಕೂರಿಸಿದೆ. ಮೊದಲು 'ಗುರು ಶಿಷ್ಯರು' ನೋಡು, ಮನೆಯವರೆಲ್ಲ ಇರುವಾಗ ನೋಡು ಅಂದೆ. ಆಮೇಲೆ 'ಕಿಟ್ಟು ಪುಟ್ಟು'. ಆಮೇಲೆ 'ಸಿಂಗಾಪೂರಿನಲ್ಲಿ ರಾಜಾ ಕುಳ್ಳ'. ಅವಳು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾ, "ಸ್ವಲ್ಪ ಸಾವಕಾಶ ಹೇಳ್ರಿ ಸರ್" ಅಂದಳು.