ಮಾರ್ಕ್ಸ್ ಮೊದಲೋ, ಸೆಲ್ಫ್ ಎಸ್ಟೀಮ್ ಮೊದಲೋ?

ಸೆಲ್ಫ್ ಎಸ್ಟೀಮ್, ಅಂದ್ರೆ ತನ್ನ ಬಗ್ಗೆ ತನಗಿರೋ ಒಳ್ಳೆ ಅಭಿಪ್ರಾಯ, ಜಾಸ್ತಿ ಇರೋ ಮಕ್ಕಳಿಗೆ ಮಾರ್ಕ್ಸೂ ಸ್ವಲ್ಪ ಜಾಸ್ತಿ ಇರತ್ತೆ, ಇದು ಸುಳ್ಳೇನಲ್ಲ, ಎಷ್ಟೋ ಸರ್ವೆಗಳಲ್ಲಿ ಬಂದಿದೆ. ಆದ್ರೆ ಇಷ್ಟನ್ನೇ ಇಟ್ಕೊಂಡು "ಮಕ್ಕಳನ್ನ ಹೊಗಳಿ, ಮಾರ್ಕ್ಸ್ ತಾನಾಗೇ ಬರತ್ತೆ" ಅಂತ ಭಾಷಣ ಬಿಗೀತಾರಲ್ಲ, ನಂಗೆ ತಲೆ ಕೆಡೋದು ಅಲ್ಲೇ. ಮಾರ್ಕ್ಸ್ ಚೆನ್ನಾಗಿ ಬಂದಿದ್ದಕ್ಕೇ ಆ ಮಗು ಎದೆ ಉಬ್ಬಿಸ್ಕೊಂಡು ಓಡಾಡ್ತಿರಬಹುದಲ್ವಾ? ಹೀಗೆ ಎರಡು ವಿಷಯ ಜೊತೆಜೊತೆಗೆ ಕಾಣಿಸ್ಕೊಳ್ಳೋದಕ್ಕೆ ಕೋರಿಲೇಶನ್ ಅಂತಾರೆ, ಯಾವುದರಿಂದ ಯಾವುದು ಅಂತ ಅದು ಬಾಯಿ ಬಿಡಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದನ್ನ ನಂಬ್ಕೊಂಡು ಸರ್ಕಾರದ ದುಡ್ಡೇ ಹಾಕಿದ್ರು. ಜಾನ್ ವಾಸ್ಕನ್ಸೆಲೋಸ್ ಅನ್ನೋ ಶಾಸಕರು ಹಠ ಹಿಡಿದು 1986ರಲ್ಲಿ ಸೆಲ್ಫ್ ಎಸ್ಟೀಮ್‌ಗೇ ಅಂತ ಒಂದು ಟಾಸ್ಕ್ ಫೋರ್ಸ್ ಮಾಡಿಸಿದ್ರು, ವರ್ಷಕ್ಕೆ 2,45,000 ಡಾಲರ್, ಡ್ರಗ್ಸ್, ಚಿಕ್ಕ ವಯಸ್ಸಲ್ಲೇ ಬಸುರಾಗೋದು, ಸ್ಕೂಲಲ್ಲಿ ಫೇಲಾಗೋದು, ಎಲ್ಲಕ್ಕೂ ಇದೇ ಮದ್ದು ಅಂತ. 1989ರಲ್ಲಿ ಪ್ರೊಫೆಸರ್‌ಗಳು ಇದ್ದಬದ್ದ ರಿಸರ್ಚೆಲ್ಲ ಜಾಲಾಡಿ ಪುಸ್ತಕ ತಂದ್ರೆ, ಅದರಲ್ಲಿ ನೀಲ್ ಸ್ಮೆಲ್ಸರ್ ಅನ್ನೋರು, ಸೆಲ್ಫ್ ಎಸ್ಟೀಮ್‌ಗೂ ಇಂಥ ತೊಂದರೆಗಳಿಗೂ ಸಂಬಂಧ ಇಷ್ಟು ಕಮ್ಮಿ ಕಾಣ್ತಿರೋದು ನಿರಾಸೆಯ ವಿಷಯ ಅಂತ ಬರೆದೇಬಿಟ್ಟಿದ್ರು. ಯಾರು ಕೇಳ್ತಾರೆ!

ಇನ್ನೊಂದು ತೊಡಕಿದೆ, ನನ್ನ ಪ್ರಕಾರ ಇದೇ ದೊಡ್ಡದು. ಮನೆ ಪರಿಸ್ಥಿತಿ ಚೆನ್ನಾಗಿದ್ರೆ, ಮೊದಲಿಂದ ಓದಲ್ಲಿ ಮುಂದಿದ್ರೆ, ಮಾರ್ಕ್ಸೂ ಬರತ್ತೆ, ತನ್ನ ಬಗ್ಗೆ ಒಳ್ಳೆ ಅಭಿಪ್ರಾಯನೂ ಬೆಳೆಯತ್ತೆ, ಅವೆರಡರ ಮಧ್ಯೆ ನೇರ ಸಂಬಂಧ ಏನೂ ಇರಬೇಕಾಗಿಲ್ಲ. ಬಾಕ್‌ಮನ್ ಮತ್ತೆ ಓಮ್ಯಾಲಿ ಅನ್ನೋ ಸಂಶೋಧಕರು ಅಮೆರಿಕದ 1,600ಕ್ಕೂ ಹೆಚ್ಚು ಹುಡುಗರನ್ನ ಹೈಸ್ಕೂಲಿಂದ ವರ್ಷಗಟ್ಟಲೆ ಫಾಲೋ ಮಾಡಿ 1977ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಅಂದ್ರೆ ಟಾಸ್ಕ್ ಫೋರ್ಸ್‌ಗಿಂತ ಒಂಬತ್ತು ವರ್ಷ ಮುಂಚೆ!

ಸರಿ, ಸೆಲ್ಫ್ ಎಸ್ಟೀಮ್ ಏರಿಸಿಯೇ ನೋಡೋಣ ಅಂದ್ರೆ ಅದಕ್ಕೂ ಒಂದು ಪ್ರಯೋಗ ಇದೆ. ಫೋರ್ಸೈತ್ ಅನ್ನೋ ಸಂಶೋಧಕರು ಮತ್ತೆ ಜೊತೆಯವರು ಸೈಕಾಲಜಿ ಕ್ಲಾಸಲ್ಲಿ ಹಿಂದೆ ಬಿದ್ದಿದ್ದ ಕಾಲೇಜು ಹುಡುಗರಿಗೆ ವಾರಕ್ಕೊಂದು ಈಮೇಲ್ ಕಳಿಸಿದ್ರು, ಕೆಲವರಿಗೆ ಬರೀ ರಿವ್ಯೂ ಪ್ರಶ್ನೆ, ಕೆಲವರಿಗೆ ಅದರ ಜೊತೆ ನಿಮ್ಮ ಬಗ್ಗೆ ನೀವು ಹೆಮ್ಮೆ ಪಡಿ ಅನ್ನೋ ತರ ಮಾತು. 2007ರಲ್ಲಿ ಬಂದ ರಿಸಲ್ಟ್ ನೋಡಿದ್ರೆ ಹೆಮ್ಮೆಯ ಈಮೇಲ್ ಓದಿದವರು ಫೈನಲ್ ಎಕ್ಸಾಮಲ್ಲಿ ಇನ್ನೂ ಕೆಳಗಿಳಿದಿದ್ರು. ಹಾಗಂತ ನಾಳೆಯಿಂದ ಮಕ್ಕಳಿಗೆ ಬೈಯಕ್ಕೆ ಶುರು ಮಾಡ್ಬೇಡಿ ಮಾರಾಯ್ರೆ, ಇದು ಒಂದು ಕ್ಲಾಸಿನ ಕಥೆ ಅಷ್ಟೆ.

ಕಷ್ಟ ಏನಂದ್ರೆ ಎಲ್ಲದಕ್ಕೂ ಹೀಗೆ ಪ್ರಯೋಗ ಮಾಡಕ್ಕಾಗಲ್ಲ. ಚೀಟಿ ಎತ್ತಿ ಅರ್ಧ ಮಕ್ಕಳನ್ನ ವರ್ಷಗಟ್ಟಲೆ ಹೀಯಾಳಿಸಿ ಏನಾಗತ್ತೆ ನೋಡೋಣ ಅಂದ್ರೆ ರಿಸರ್ಚ್‌ಗೆ ಒಪ್ಪಿಗೆ ಕೊಡೋ ಯಾವ ಎಥಿಕ್ಸ್ ಕಮಿಟಿ ಒಪ್ಪತ್ತೆ, ಒಪ್ಪಲೂಬಾರ್ದು, ಅದಕ್ಕೇ ಅಂಥ ಪ್ರಶ್ನೆ ಬಂದಾಗೆಲ್ಲ ಮತ್ತೆ ಸರ್ವೆ, ಮತ್ತೆ ಕೋರಿಲೇಶನ್ನೇ ಗತಿ.