ಮುಚ್ಚಳ ತೆಗೆಯದ ಆರು ವಾರ

ಪೆಟ್ಟಿಗೆಯಲ್ಲಿ ಸಾಕಿದ ಒಂದೇ ಒಂದು ತುಡುವೆ ಜೇನಿನ ಕುಟುಂಬವನ್ನು ಮಳೆಗಾಲ ದಾಟಿಸಬೇಕು. ಈ ವರ್ಷದ ಗುರಿ ಇಷ್ಟೇ. ಹೋದ ವರ್ಷದ ಕುಟುಂಬ ಜುಲೈನಲ್ಲೇ ಪೆಟ್ಟಿಗೆ ಬಿಟ್ಟು ಹಾರಿಹೋಗಿತ್ತು. ಆಗ ಕಂಡವರ ಹತ್ತಿರವೆಲ್ಲ ಮಳೆಯನ್ನು ಬೈದುಕೊಂಡು ಓಡಾಡಿದ್ದೆ. ಈ ಸಲ ಯಾರನ್ನು ಬೈಯಬೇಕು ಅಂತ ಸರಿಯಾಗಿ ಗೊತ್ತಾಗಲಿ ಅಂತ ಬರೆದಿಡುತ್ತಿದ್ದೇನೆ. ನಮ್ಮ ತೀರ್ಥಹಳ್ಳಿ ಕಡೆ ತಾರೀಖಿಗಿಂತ ಮಳೆ ನಕ್ಷತ್ರವೇ ಬೇಗ ನೆನಪಾಗುವುದು. ಹಾಗಾಗಿ ಲೆಕ್ಕವೂ ಅದರದ್ದೇ.

ಮೃಗಶಿರಾ, ಜೂನ್ 8ರಿಂದ

ಮೇಣದ ಐದು ಎರಿ ತುಂಬ ಜೇನುಹುಳ ಇವೆ. ಪೆಟ್ಟಿಗೆ ಮನೆ ಹಿಂದೆ, ತೋಟಕ್ಕೆ ಇಳಿಯುವ ದಾರಿಯಲ್ಲಿದೆ. ಇರುವೆ ಹತ್ತಬಾರದು ಅಂತ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿದ್ದೇನೆ. ಮಳೆಯಲ್ಲಿ ಹೂವೂ ಕಡಿಮೆ, ಹುಳಕ್ಕೆ ಹೊರಗೆ ಹೋಗಲು ಬಿಡುವೂ ಇಲ್ಲ. ಸಕ್ಕರೆ ಪಾಕ ಕೊಡಲೇಬೇಕು. ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು. ಅದನ್ನೂ ಕತ್ತಲಾದ ಮೇಲೆ ಕೊಡಬೇಕು. ಹಗಲು ಕೊಟ್ಟರೆ ವಾಸನೆಗೆ ಬೇರೆ ಗೂಡಿನ ಜೇನು ಬಂದು ದೋಚುತ್ತವೆ. ಪ್ರತಿ ಭಾನುವಾರ ಮುಚ್ಚಳ ತೆಗೆದು ನೋಡುವುದು ಅಂತ ತೀರ್ಮಾನ. ಎರಡು ಭಾನುವಾರ ಚೆನ್ನಾಗಿಯೇ ನಡೆಯಿತು.

ಆ ಎರಡು ವಾರದಲ್ಲಿ ಮಾಡಿದ ಉಳಿದ ಕೆಲಸ ಬರೆಯಲು ನಾಚಿಕೆ. ಜೇನು ತೆಗೆಯುವ ಯಂತ್ರ ಕೊಂಡೆ. ಪೆಟ್ಟಿಗೆಯಲ್ಲಿ ತೆಗೆಯುವಷ್ಟು ಜೇನು ಆಗುವುದು ಬೇಸಿಗೆಗೆ! ಒಂದು ನಿಶ್ಚಿತಾರ್ಥಕ್ಕೆ ಹೋದಾಗ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕದವರಿಗೆಲ್ಲ 'ಮುಂದಿನ ವರ್ಷ ಹತ್ತು ಪೆಟ್ಟಿಗೆ ಇಡ್ತೀನಿ' ಅಂದೆ. ಅವರು ಭೇಷ್ ಅಂದರು. ಆ ರಾತ್ರಿ ಹತ್ತು ಪೆಟ್ಟಿಗೆ ಇಟ್ಟವನ ಹಾಗೆಯೇ ನಿದ್ದೆ ಬಂತು.

ಆರಿದ್ರಾ

ಮೊದಲ ಭಾನುವಾರ ಜಡಿಮಳೆ. ನೋಡಲಿಲ್ಲ. ಅದು ಸರಿಯೇ, ಅಂಥ ಮಳೆಯಲ್ಲಿ ಯಾರೂ ಮುಚ್ಚಳ ತೆಗೆಯುವುದಿಲ್ಲ. ಎರಡನೇ ಭಾನುವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಮಳೆ ಬಿಟ್ಟು ಹೊಳವಾಗಿತ್ತು. ಜಗುಲಿಯಲ್ಲಿ ಕೂತು ಮೊಬೈಲಿನಲ್ಲಿ ಜೇನು ಸಾಕಣೆ ವಿಡಿಯೊ ನೋಡುತ್ತಿದ್ದೆ. ಅದೂ ಯುರೋಪಿನ ಜೇನಿನದ್ದು. ನಮ್ಮ ತುಡುವೆಗೂ ಅದಕ್ಕೂ ಗಾತ್ರದಿಂದ ಹಿಡಿದು ಸ್ವಭಾವದವರೆಗೆ ಎಲ್ಲ ಬೇರೆ. ಪೆಟ್ಟಿಗೆ ನಲವತ್ತು ಹೆಜ್ಜೆ ದೂರದಲ್ಲಿತ್ತು.

ಪುನರ್ವಸು

ಪುಸ್ತಕದಲ್ಲಿ ಏನೂ ಬರೆದಿಲ್ಲ. ಕೇಳಿದವರಿಗೆ 'ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಕೆಲಸ' ಅಂದೆ. ಹೊಡೆದದ್ದು ಒಂದೂವರೆ ದಿನ. ಹೇಳಿದ್ದು ಎರಡು ವಾರ.

ಪುಷ್ಯ

ಈ ಮಳೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ನಾನು ತೋಟಕ್ಕೆ ಸೌದೆ ಕೊಟ್ಟಿಗೆ ಕಡೆಯಿಂದ ಸುತ್ತು ಹಾಕಿ ಇಳಿಯುತ್ತಿದ್ದೆ. ನನಗೇ ಅದು ಗೊತ್ತಿರಲಿಲ್ಲ. ಒಂದು ದಿನ ಅಮ್ಮ ಕೇಳಿದಳು, "ಆ ದಾರೀಲಿ ಹಾವು ಗೀವು ಕಂಡ್ಯನಾ? ದಿನಾ ಸುತ್ತಿಕೊಂಡು ಹೋಗ್ತೀಯಲ್ಲ."

ಹಾವಲ್ಲ. ಪೆಟ್ಟಿಗೆ.

ಅವತ್ತು ಕೂತು ಲೆಕ್ಕ ಹಾಕಿದೆ. ಮೊದಲ ವಾರ ತಪ್ಪಿದ್ದು ಮಳೆಯಿಂದ. ಎರಡನೆಯದು ಸೋಮಾರಿತನ, ಅನುಮಾನವೇ ಇಲ್ಲ. ಆದರೆ ಆಮೇಲಿನ ವಾರಗಳದ್ದು ಮಳೆಯೂ ಅಲ್ಲ, ಸೋಮಾರಿತನವೂ ಅಲ್ಲ. ಹುಳ ಸತ್ತಿದ್ದರೆ ಕೊಂದವನು ನಾನೇ ಅಂತ ಗೊತ್ತಾಗಿಬಿಡುತ್ತದಲ್ವಾ, ಆ ಹೆದರಿಕೆ. ಮುಚ್ಚಳ ಮುಚ್ಚಿರುವ ತನಕ ಎಲ್ಲ ಚೆನ್ನಾಗಿದೆ ಅಂದುಕೊಂಡು ಇರಬಹುದು. ಇದು ನನಗೆ ಹೊಸದೂ ಅಲ್ಲ. ಹಿಂದೊಮ್ಮೆ ಹಾರ್ಮೋನಿಯಂ ಕಲಿಯಲು ಹೋಗುತ್ತಿದ್ದೆ. ಎರಡು ಪಾಠ ತಪ್ಪಿತು. ಮೂರನೆಯದಕ್ಕೆ ಹೋಗಲು ಮುಖವಿಲ್ಲದೆ, ಮೇಷ್ಟ್ರು ಎದುರು ಸಿಕ್ಕಾರು ಅಂತ ಪೇಟೆಯಲ್ಲಿ ರಸ್ತೆ ಬದಲಿಸುತ್ತಿದ್ದೆ. ಹಾರ್ಮೋನಿಯಂ ಅಲ್ಲಿಗೇ ನಿಂತಿತು. ಎರಡು ಪಾಠ ತಪ್ಪಿದ್ದಕ್ಕಲ್ಲ, ಆ ರಸ್ತೆ ಬದಲಿಸಿದ್ದಕ್ಕೆ.

ಆಶ್ಲೇಷ, ಆಗಸ್ಟ್ ಮೊದಲ ವಾರ

ಒಬ್ಬನೇ ತೆಗೆಯಲು ಧೈರ್ಯ ಸಾಲದೆ ದೊಡ್ಡಪ್ಪನನ್ನು ಕರೆದೆ. ಅವರು ಮೂವತ್ತು ವರ್ಷದಿಂದ ಜೇನು ಸಾಕಿದವರು. ಬಂದವರು ಮೊದಲು ಪೆಟ್ಟಿಗೆ ನೋಡಲೇ ಇಲ್ಲ, ಮೇಲೆ ನೋಡಿದರು. ಹಲಸಿನ ಕೊಂಬೆಯೊಂದು ಮಳೆ ಭಾರಕ್ಕೆ ಬಗ್ಗಿ ಮುಚ್ಚಳದ ಮೇಲೆ ಕೂತಿತ್ತು. ಅದರ ಮೇಲೆ ಚಗಳಿ ಇರುವೆ ಸಾಲು. ಕಾಲಿನ ಬಟ್ಟಲಲ್ಲೂ ನೀರಿಗಿಂತ ತರಗೆಲೆಯೇ ಜಾಸ್ತಿ. "ಎಂತ ಮಾರಾಯ, ಕೆಳಗಿಂದ ಮೇಲಿಂದ ಎರಡೂ ಕಡೆ ಸಂಕ ಹಾಕಿ ಕೊಟ್ಟಿದ್ದೀಯ" ಅಂದರು. ಸಂಕ ಅಂದರೆ ಕಾಲು ಸೇತುವೆ.

ಮುಚ್ಚಳ ತೆಗೆದೆವು. ಎರಡು ಎರಿ ಪೂರ್ತಿ, ಎರಿ ತಿನ್ನುವ ಮೇಣದ ಹುಳದ ಪಾಲು. ಜೇಡರ ಬಲೆ ಥರ ಬಿಳಿ ನೂಲು, ಒಳಗೆ ದಪ್ಪ ಹುಳ, ಅಡಿ ಹಲಗೆ ತುಂಬ ಕಪ್ಪು ಹಿಕ್ಕೆ. ಜೇನುಹುಳ ಉಳಿದದ್ದು ಎರಡೂವರೆ ಎರಿಯ ಮೇಲೆ. ದೊಡ್ಡಪ್ಪ ಒಂದು ಎರಿ ಎತ್ತಿ ಬೆಳಕಿಗೆ ಹಿಡಿದು "ಇಲ್ನೋಡು" ಅಂದರು. ಕೋಣೆಯ ತಳದಲ್ಲಿ ದಾರದ ಚೂರಿನಂತೆ ಬಿಳಿ ಮೊಟ್ಟೆಗಳು. ಮೊಟ್ಟೆ ಒಡೆದು ಮರಿಯಾಗಲು ಮೂರು ದಿನ. ಅಂದರೆ ಮೂರು ದಿನದ ಹಿಂದೆಯಾದರೂ ರಾಣಿ ಇದ್ದಳು, ಮೊಟ್ಟೆ ಇಟ್ಟಿದ್ದಳು.

ಮೂಲೆಯ ಗೆರಟೆಯಲ್ಲಿ ಪಾಕ ಇತ್ತು. ನಾನು ಇಟ್ಟದ್ದಲ್ಲ. ಅಮ್ಮನಿಗೆ ಎರಿ ನೋಡಲು ಬರುವುದಿಲ್ಲ. ಆದರೆ ಕತ್ತಲಾದ ಮೇಲೆ ಮುಚ್ಚಳ ಒಂಚೂರು ಸರಿಸಿ ಪಾಕ ಹೊಯ್ದು ಬರುತ್ತಿದ್ದಳಂತೆ. ನನಗೆ ಹೇಳಿರಲಿಲ್ಲ.

ಕೆಟ್ಟ ಎರಿ ಕತ್ತರಿಸಿ ಸುಟ್ಟೆವು. ಅಡಿ ಹಲಗೆ ಕೆರೆದು ಒರೆಸಿದೆವು. ಕೊಂಬೆ ಕಡಿದೆ.

ಇಷ್ಟಾದ ಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಸತತ ಐದು ದಿನ ಮುಚ್ಚಳ ತೆಗೆದು ನೋಡಿದೆ. ಆರನೇ ದಿನ ದೊಡ್ಡಪ್ಪ ಬೈದರು: "ದಿನಾ ಮನೆ ಹಂಚು ತೆಗೆದು ನೋಡ್ತಿದ್ರೆ ನೀನಾದ್ರೂ ಇರ್ತೀಯನಾ?" ತುಡುವೆಗೆ ಕಿರಿಕಿರಿ ಜಾಸ್ತಿಯಾದರೆ ಗೂಡು ಬಿಟ್ಟು ಹೋಗುತ್ತವೆ. ಹೋದ ವರ್ಷ ಹಾರಿಹೋಗುವ ಮುಂಚಿನ ವಾರವೂ ನಾನು ಹೀಗೇ ದಿನಕ್ಕೆರಡು ಸಲ ಇಣುಕಿದ್ದೆ. ಮಳೆಯನ್ನು ಸುಮ್ನೆ ಬೈದಿದ್ದೆ.

ಮಘಾ

ಈಗ ನಡೆಸುತ್ತಿರುವುದು ಹೀಗೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಪೆಟ್ಟಿಗೆ ಎದುರು ಐದು ನಿಮಿಷ ನಿಲ್ಲುತ್ತೇನೆ. ಮುಟ್ಟುವುದಿಲ್ಲ. ಕಾಲಿನಲ್ಲಿ ಪರಾಗದ ಉಂಡೆ ಹೊತ್ತು ಒಳಗೆ ಹೋಗುವ ಹುಳ ಎಷ್ಟು ಅಂತ ಎಣಿಸುತ್ತೇನೆ. ಪರಾಗ ಹೋಗುತ್ತಿದೆ ಅಂದರೆ ಒಳಗೆ ಸಾಕಲು ಮರಿ ಇದೆ ಅಂತ ಅರ್ಥ. ಮುಚ್ಚಳ ವಾರಕ್ಕೆ ಒಂದೇ ಸಲ. ನಡುವೆ ಮೂರು ಬೆಳಿಗ್ಗೆ ತಪ್ಪಿತು. ನಾಲ್ಕನೇ ದಿನ ಅದೇ ದಾರಿಯಲ್ಲೇ ಇಳಿದೆ. ಪುಸ್ತಕದಲ್ಲಿ 'ನೋಡಿಲ್ಲ' ಅಂತ ಮೂರು ಸಲ ಬರೆದು ಮುಂದಿನದ್ದು ಎಣಿಸಿದೆ.

ಇವತ್ತು ಹದಿನಾಲ್ಕು ಹುಳ. ಎರಿ ಮೂರು ತುಂಬಿದೆ, ನಾಲ್ಕನೆಯದನ್ನು ಫ್ರೇಮಿನ ಮೇಲಿನಿಂದ ಅಂಗೈ ಅಗಲ ಕಟ್ಟಿವೆ. ಜೇನು ತೆಗೆಯುವ ಯಂತ್ರ ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇದೆ. ಅಮ್ಮ ಅದರ ಮೇಲೆ ಹಲಸಿನ ಹಪ್ಪಳದ ಡಬ್ಬ ಇಟ್ಟುಕೊಂಡಿದ್ದಾಳೆ.