ಬ್ಯಾಂಡ್ ಮುಗಿದ್ಮೇಲೆ ಬಂದ ಆಲ್ಬಂ: ಆಪರೇಷನ್ ಐವಿಯ 27 ಹಾಡು

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆಪರೇಷನ್ ಐವಿ ಅಂತ ಒಂದು ಬ್ಯಾಂಡ್ ಇತ್ತು. 1987ರ ಮೇನಲ್ಲಿ ಶುರುವಾಗಿ 1989ರ ಮೇನಲ್ಲಿ ಮುಗೀತು, ಎರಡೇ ವರ್ಷ. ಇವತ್ತು ಆ ಬ್ಯಾಂಡ್ ಅಂದ ತಕ್ಷಣ ಎಲ್ರೂ ಹೇಳೋ ಆಲ್ಬಂ, ಬ್ಯಾಂಡಿನ ಹೆಸರೇ ಇಟ್ಕೊಂಡಿರೋದು, ಅದು ಬಂದಿದ್ದು 1991ರಲ್ಲಿ. ಅಷ್ಟೊತ್ತಿಗೆ ಬ್ಯಾಂಡೇ ಇರ್ಲಿಲ್ಲ. ನಾನು ಇದನ್ನ ಮೊದಲು ಕೇಳಿದ್ದು ಫ್ರೆಂಡ್ ಒಬ್ಬ ಪೆನ್‌ಡ್ರೈವಲ್ಲಿ ಹಾಕ್ಕೊಟ್ಟಾಗ, ಮೈಸೂರಿನ ಸರಸ್ವತಿಪುರಂ ರೂಮಲ್ಲಿ, ಆಮೇಲೆ ಫೋನು ಬದಲಾಯ್ತು ಕೆಲಸ ಬದಲಾಯ್ತು, ಈ ಆಲ್ಬಂ ಮಾತ್ರ ಎಲ್ಲದರಲ್ಲೂ ಜೊತೆಗೇ ಬಂತು.

ಇವರು ನುಡಿಸ್ತಿದ್ದಿದ್ದು ಸ್ಕಾ ಪಂಕ್, ಹಂಗಂದ್ರೆ ಏನು ಅಂತ ಕೇಳೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಸ್ಕಾ ಹುಟ್ಟಿದ್ದು ಜಮೈಕಾದಲ್ಲಿ, 1950ರ ದಶಕದ ಕೊನೆಯಲ್ಲಿ, ರೆಗ್ಗೆಗಿಂತ ಮುಂಚೆ. ಬಾಯಲ್ಲಿ ತಕ ತಕ ತಕ ತಕ ಅಂದ್ಕೊಳಿ, ಕಾಲು ‘ತ’ಗೆ ತಟ್ಟಿ, ಗಿಟಾರ್ ‘ಕ’ ಮೇಲೆ ಮಾತ್ರ ಬೀಳುತ್ತೆ. ಸಂಗೀತ ಪಾಠಕ್ಕೆ ಹೋದೋರಿಗೆ ಅರ್ಧ ಎಡುಪು ಗೊತ್ತಿರುತ್ತೆ ಅಲ್ವಾ, ತಾಳ ಬಿದ್ದ ಮೇಲೆ ಅರ್ಧ ಅಕ್ಷರ ಬಿಟ್ಟು ಎತ್ತೋದು, ಸ್ಕಾದಲ್ಲಿ ಗಿಟಾರ್ ಹಾಡು ಪೂರ್ತಿ ಆ ಅರ್ಧದಲ್ಲೇ ನಿಂತಿರುತ್ತೆ, ಅದಕ್ಕೇ ಕೇಳ್ದೋರ ಕಾಲು ಸುಮ್ನಿರಲ್ಲ. ಆಮೇಲೆ 1979ರ ಹೊತ್ತಿಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ದ ಸ್ಪೆಷಲ್ಸ್ ಥರದವರು ಇದನ್ನ ಪಂಕ್ ಅನ್ನೋ ಜೋರು, ಒರಟು ರಾಕ್ ಜೊತೆ ಬೆರೆಸಿದ್ರು, ಅಲ್ಲಿಂದ ಅಮೆರಿಕದ ಹುಡುಗರ ಕೈಗೆ ಬಂತು.

ಐವಿಯಲ್ಲಿ ಇದ್ದಿದ್ದು ನಾಲ್ಕೇ ಜನ. ಹಾಡೋಕೆ ಜೆಸ್ಸಿ ಮೈಕೆಲ್ಸ್, ಗಿಟಾರಿಗೆ ಟಿಮ್ ಆರ್ಮ್‌ಸ್ಟ್ರಾಂಗ್, ಬಾಸ್ ಗಿಟಾರಿಗೆ ಮ್ಯಾಟ್ ಫ್ರೀಮನ್, ಡ್ರಮ್ಸಿಗೆ ಡೇವ್ ಮೆಲ್ಲೊ. ಸ್ಕಾ ಅಂದ್ರೆ ಟ್ರಂಪೆಟ್ಟು ಟ್ರಾಂಬೋನು ಸಾಲಾಗಿ ನಿಂತಿರ್ಬೇಕು ಅಂತ ಅಂದ್ಕೊಂಡೋರಿಗೆ ಇದು ಆಶ್ಚರ್ಯ, ಇವರ ಬ್ಯಾಂಡಲ್ಲಿ ಊದೋರು ಯಾರೂ ಇಲ್ಲ. ಆ ಜಾಗನ ತುಂಬೋದು ಫ್ರೀಮನ್‌ನ ಬಾಸ್. ಹೆಡ್‌ಫೋನ್ ಹಾಕ್ಕೊಂಡು ಬಾಸ್ ಒಂದನ್ನೇ ಹಿಂಬಾಲಿಸಿ ನೋಡಿ, ಒಂದು ಕಡೆ ನಿಲ್ಲೋದೇ ಇಲ್ಲ, ಮೇಲೆ ಹತ್ತುತ್ತೆ ಕೆಳಗೆ ಇಳಿಯುತ್ತೆ, ಹಾಡೋನು ಉಸಿರು ತಗೊಳ್ಳೋ ಗ್ಯಾಪಲ್ಲಿ ತಾನೇ ಒಂದು ಸಾಲು ಹೇಳಿ ಮುಗಿಸಿರುತ್ತೆ. ನಾನು ಬಾಸ್ ಕಲಿಯೋಕೆ ಕೂತಿದ್ದೇ ಇವರಿಂದ.

ಹೆಸರಿನ ಬಗ್ಗೆಯೂ ಹೇಳ್ಬೇಕು. ಆಪರೇಷನ್ ಐವಿ ಅನ್ನೋದು 1952ರಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಎನಿವೆಟಾಕ್‌ನಲ್ಲಿ ಮಾಡಿದ ಅಣು ಪರೀಕ್ಷೆಗಳ ಹೆಸರು. ಮೊದಲ ಹೈಡ್ರೋಜನ್ ಬಾಂಬ್ ಸಿಡಿದಿದ್ದು ಅಲ್ಲೇ, ಎಲುಗೆಲಾಬ್ ಅನ್ನೋ ಒಂದು ದ್ವೀಪಕ್ಕೆ ದ್ವೀಪವೇ ಇಲ್ಲದಂಗಾಯ್ತು. ಅಂಥ ಹೆಸರಿಟ್ಕೊಂಡ ಹುಡುಗರು ಹಾಡಿದ್ದು ಮಾತ್ರ ಹೊಡೆದಾಡ್ಕೋಬೇಡಿ, ಒಟ್ಟಿಗಿರಿ ಅಂತ. ಇವರು ಬೆಳೆದಿದ್ದು 924 ಗಿಲ್ಮನ್ ಸ್ಟ್ರೀಟ್ ಅನ್ನೋ ಜಾಗದಲ್ಲಿ, ವಾಲಂಟಿಯರ್‌ಗಳೇ ನಡೆಸೋದು, ಯಾವ ವಯಸ್ಸಿನೋರು ಬೇಕಾದ್ರೂ ಬರಬಹುದು, ಕುಡಿಯೋಂಗಿಲ್ಲ, ಜಗಳ ಆಡೋಂಗಿಲ್ಲ. ಅಂಥದ್ದೊಂದು ಜಾಗ ನಮ್ಮೂರಲ್ಲಿ ಇದ್ದಿದ್ರೆ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಈಗ ಆಲ್ಬಂ ವಿಷಯ. ಬ್ಯಾಂಡ್ ಇದ್ದಾಗ ಬಂದಿದ್ದು ಮೂರು ಕಡೆ ಚೆದುರಿ ಹೋಗಿತ್ತು. 1987ರಲ್ಲಿ ಹಲವು ಬ್ಯಾಂಡ್‌ಗಳ ಒಂದು ಸಂಗ್ರಹದಲ್ಲಿ 2 ಹಾಡು, 1988ರ ಹೆಕ್ಟಿಕ್ ಅನ್ನೋ ಪುಟ್ಟ ರೆಕಾರ್ಡಲ್ಲಿ 6, 1989ರ ಎನರ್ಜಿ ಅನ್ನೋ ಅವರ ಒಂದೇ ಒಂದು ಪೂರ್ತಿ ಆಲ್ಬಂನಲ್ಲಿ 19. ಲುಕ್‌ಔಟ್ ರೆಕಾರ್ಡ್ಸ್‌ನವರು 1991ರಲ್ಲಿ ಇದಿಷ್ಟನ್ನೂ ಒಂದೇ ಸಿಡಿಗೆ ಹಾಕಿದ್ರು, 27 ಹಾಡು. ಚೆನ್ನಾಗಿರೋದು ಮಾತ್ರ ಆರಿಸಿ ಉಳಿದಿದ್ದು ಬಿಡೋಣ ಅಂತ ಮಾಡ್ಲಿಲ್ಲ, ಮೂರಲ್ಲಿ ಇದ್ದಿದ್ದನ್ನೆಲ್ಲಾ ಇದ್ದಂಗೇ ಸುರಿದ್ರು. ನನಗೆ ಈ ಆಲ್ಬಂ ಮೇಲೆ ಇರೋ ಗೌರವದಲ್ಲಿ ಅರ್ಧ ಈ ಒಂದು ನಿರ್ಧಾರಕ್ಕೆ.

ಇನ್ನೊಂದು ವಿಷಯ, ಜೋಡಿಸಿರೋ ಕ್ರಮ. ಎನರ್ಜಿ ಮೊದಲು, ಆಮೇಲೆ ಹೆಕ್ಟಿಕ್, ಕೊನೆಗೆ ಆ ಎರಡು ಹಳೇ ಹಾಡು. ಅಂದ್ರೆ ಕೇಳ್ತಾ ಹೋದಂಗೆ ಬ್ಯಾಂಡ್ ಚಿಕ್ಕದಾಗ್ತಾ ಹೋಗುತ್ತೆ! ಮೊದಲ ಹಾಡು ನಾಲೆಡ್ಜ್ ಬಂದಾಗ ಕೈ ಪಳಗಿದೆ, 20ನೇದು ಬರೋ ಹೊತ್ತಿಗೆ ಸೌಂಡೇ ಬೇರೆ, 26, 27ಕ್ಕೆ ಬಂದ್ರೆ ಗ್ಯಾರೇಜಿಂದ ಈಗಷ್ಟೇ ಎದ್ದು ಬಂದ ಹುಡುಗರು, ಅವಸರ ಅವಸರ. ಒಂದು ಸಲ ಉಲ್ಟಾ ಕೇಳಿ, 27ರಿಂದ 1ಕ್ಕೆ. ಎರಡು ವರ್ಷದಲ್ಲಿ ನಾಲ್ಕು ಜನ ಎಷ್ಟು ಕಲಿತರು ಅನ್ನೋದು ಕಿವಿಗೇ ಗೊತ್ತಾಗುತ್ತೆ, ಯಾವ ಪುಸ್ತಕನೂ ಅದನ್ನ ಹಂಗೆ ಹೇಳಕ್ಕಾಗಲ್ಲ.

ಮುಂದಿನ ಕಥೆ ಗೊತ್ತಿರೋರಿಗೆ ಗೊತ್ತು. ಹೆಸರು ಬರ್ತಾ ಬರ್ತಾ ಅದರ ಭಾರಾನೇ ಜಾಸ್ತಿಯಾಗಿ ಬ್ಯಾಂಡ್ ಬಿಟ್ರು, ಟಿಮ್ಮು ಮ್ಯಾಟು ಸೇರಿ 1991ರಲ್ಲಿ ರ್‍ಯಾನ್ಸಿಡ್ ಅನ್ನೋ ಬ್ಯಾಂಡ್ ಮಾಡಿದ್ರು, ಗ್ರೀನ್ ಡೇ ಅನ್ನೋ ಇನ್ನೊಂದು ಬ್ಯಾಂಡ್ 1990ರಲ್ಲೇ ನಾಲೆಡ್ಜ್ ಹಾಡಿತ್ತು, 2007ರಲ್ಲಿ ಟಿಮ್‌ನ ಹೆಲ್‌ಕ್ಯಾಟ್ ರೆಕಾರ್ಡ್ಸ್ ಇದೇ ಆಲ್ಬಂನ ಮತ್ತೆ ತಂತು. ಆ ಸಿಡಿ ಒಂದು ಆಗದೇ ಹೋಗಿದ್ರೆ ಇದೆಲ್ಲಾ ಬರೀ ಅಲ್ಲಿದ್ದೋರು ಹೇಳೋ ಕಥೆ ಆಗಿರ್ತಿತ್ತು, ಮೈಸೂರಲ್ಲಿ ಕೂತಿರೋ ನನ್ನ ತನಕ ಬರ್ತಾನೇ ಇರ್ಲಿಲ್ಲ.

ರೆಕಾರ್ಡ್ ಮಾಡಿ ಇಡೋದರ ಬೆಲೆ ನಮ್ಮೂರಿಗೆ ಹೊಸದಲ್ಲ. 1940ರ ದಶಕದಲ್ಲಿ ನಮ್ಮ ಜಯಚಾಮರಾಜ ಒಡೆಯರು ಲಂಡನ್ನಲ್ಲಿದ್ದ ನಿಕೊಲಾಯ್ ಮೆಟ್ನರ್ ಅನ್ನೋ ರಷ್ಯನ್ ಸಂಗೀತಗಾರರ ಕೃತಿಗಳು ಎಚ್‌ಎಂವಿ ರೆಕಾರ್ಡ್ ಕಂಪನಿಯಲ್ಲಿ ರೆಕಾರ್ಡ್ ಆಗ್ಲಿ ಅಂತ ದುಡ್ಡು ಕೊಟ್ಟು ಮಾಡಿಸಿದ್ರು. ಮೆಟ್ನರ್‌ಗೆ ವಯಸ್ಸಾಗಿತ್ತು, ಆರೋಗ್ಯ ಸರಿ ಇರ್ಲಿಲ್ಲ, ಆದ್ರೂ ಅವರೇ ಕೂತು ಪಿಯಾನೋ ನುಡಿಸಿದ್ರು. 1951ರಲ್ಲಿ ತೀರ್ಕೊಂಡ್ರು. ಅವರ ಕೈ ಇವತ್ತೂ ಕೇಳಿಸುತ್ತೆ, ಅದಕ್ಕೆ ಕಾರಣ ಮೈಸೂರು.

ಅದೇ ಊರಲ್ಲಿ ಕಾಲೇಜ್ ಫೆಸ್ಟಲ್ಲಿ, ಗಣೇಶನ ಪೆಂಡಾಲಲ್ಲಿ ನುಡಿಸಿ ಎದ್ದುಹೋದ ಹುಡುಗರ ಬ್ಯಾಂಡ್‌ಗಳು ಎಷ್ಟು! ಯಾರ ಹತ್ರಾನೂ ಏನೂ ಇಲ್ಲ. ನಮ್ಮದೂ ಒಂದು ಇತ್ತು, ಚಾಮುಂಡಿಪುರಂನಲ್ಲಿ ಡ್ರಮ್ಮರ್ ಮನೆ ಮಹಡಿ ಮೇಲೆ ಪ್ರಾಕ್ಟೀಸು, ಒಬ್ಬ ಬೆಂಗಳೂರಿಗೆ ಹೋದ, ಇನ್ನೊಬ್ಬ ಮಂಡ್ಯದಲ್ಲಿ ಅಂಗಡಿ ನೋಡ್ಕೊಳ್ಳೋಕೆ ಹೋದ, ಜಗಳ ಗಿಗಳ ಏನಿಲ್ಲ, ನಿಂತೋಯ್ತು ಅಷ್ಟೆ. ಈಗ ನಾನು ಎಲ್ಲರ ಹಳೇ ಫೋನು, ಮೆಮೊರಿ ಕಾರ್ಡು ತರಿಸಿ ಹಾಡುಗಳನ್ನ ಒಂದು ಕಡೆ ಸೇರಿಸ್ತಾ ಇದೀನಿ. ಒಂದು ಫೈಲಲ್ಲಿ ಎರಡು ಹಾಡಿನ ಮಧ್ಯೆ ಕೆಳಗಡೆಯಿಂದ ಡ್ರಮ್ಮರ್ ಅಮ್ಮ ‘ಮಾರು ಎಷ್ಟಮ್ಮ? ನಿನ್ನೆ ಕಮ್ಮಿ ಕೊಟ್ಟಿದ್ಯಲ್ಲ’ ಅಂತ ಹೂವಿನೋರ ಹತ್ರ ಚೌಕಾಸಿ ಮಾಡೋದು ಪೂರ್ತಿ ಕೇಳಿಸುತ್ತೆ, ಆಮೇಲೆ ಒನ್ ಟೂ ತ್ರೀ ಫೋರ್, ಹಾಡು ಶುರು. ಡ್ರಮ್ಮರ್ ಅದನ್ನ ಕಟ್ ಮಾಡೋ ಅಂತಾನೆ. ನಾನು ಬಿಲ್ಕುಲ್ ಮಾಡಲ್ಲ ಅಂದೆ. ಅಮ್ಮನಿಗೆ ಕೇಳಿಸಿದ್ವಿ, ಇರ್ಲಿ ಬಿಡ್ರೋ ಅಂದ್ರು.

ಇಲ್ಲಿ ತನಕ 11 ಹಾಡು ಸಿಕ್ಕಿವೆ. ಬಾಕಿ ಇರೋದು ಒಂದು, ನಮ್ಮ ಮೊಟ್ಟಮೊದಲ ಕನ್ನಡ ಹಾಡು, ಕಾಲೇಜ್ ಫೆಸ್ಟಲ್ಲಿ ಒಂದೇ ಸಲ ನುಡಿಸಿದ್ದು, ಮುಂದಿನ ಸಾಲಲ್ಲಿ ಯಾರೋ ಫೋನ್ ಎತ್ತಿ ಹಿಡಿದು ಪೂರ್ತಿ ವಿಡಿಯೋ ಮಾಡ್ಕೊಂಡಿದ್ದು ನನಗೆ ಸ್ಟೇಜ್ ಮೇಲಿಂದ ಕಾಣಿಸ್ತಿತ್ತು. ಅದು ನೀವೇ ಆಗಿದ್ರೆ, ಸೌಂಡು ಎಷ್ಟು ಒಡೆದಿದ್ರೂ ಪರವಾಗಿಲ್ಲ, ಕಳಿಸಿ. 12ನೇದಾಗಿ ಹಾಕ್ತೀವಿ.